ಮದುವೆ ಹೂವು: ಜಡೆಗೆ ಮೊದಲು, ಸ್ಟೇಜಿಗೆ ಆಮೇಲೆ

ಮದುವೆ ಹೂವು ಅಂದ ತಕ್ಷಣ ಎಲ್ಲರೂ ಮೊಬೈಲ್ ತೆಗೆದು ಸ್ಟೇಜಿನ ಫೋಟೋ ತೋರಿಸುತ್ತಾರೆ. ಡೆಕೊರೇಟರ್ ಹತ್ತಿರ ಹೋದರೂ ಅಷ್ಟೇ, ಅವರ ಆಲ್ಬಮ್ ಶುರುವಾಗುವುದೇ ಹಿಂದಿನ ಗೋಡೆಯಿಂದ. ಮುಕ್ಕಾಲು ದುಡ್ಡು ಅಲ್ಲೇ ಮುಗಿಯುತ್ತದೆ. ಇನ್ನೇನು ಮದುವೆಗೆ ಎರಡು ದಿನ ಇದೆ ಅನ್ನುವಾಗ ಮನೆಯ ಅಜ್ಜಿ "ಹಾರ ಹೇಳಿದ್ರಾ? ಜಡೆ ಯಾರು ಕಟ್ಟೋದು?" ಅಂತ ಕೇಳುತ್ತಾರೆ. ಆಗ ಓಡಾಟ ಶುರು, ಸಿಕ್ಕಿದ್ದೇ ಹಾರ.

ನನ್ನ ಲೆಕ್ಕ ಇದಕ್ಕೆ ಉಲ್ಟಾ. ಮೈಮೇಲೆ ಬರುವ ಹೂವು ಮೊದಲು: ಜಡೆ, ದಂಡೆ, ಹಾರ. ಆಮೇಲೆ ಕೈಗೆ ಬರುವ ಹೂವು, ಅಂದರೆ ಬಂದವರಿಗೆ ಕೊಡುವ ಮಲ್ಲಿಗೆ, ಬೊಕೆ. ಕಣ್ಣಿಗೆ ಮಾತ್ರ ಬೀಳುವ ಮಂಟಪ, ಸ್ಟೇಜು, ಟೇಬಲ್ಲು ಕೊನೆಗೆ. ಮೂವತ್ತು ಅಡಿ ದೂರದ ಗೋಡೆಯಲ್ಲಿ ಡಚ್ ಗುಲಾಬಿ ಇದೆಯೋ ಬಟ್ಟೆ ಹೂವು ಇದೆಯೋ ಊಟಕ್ಕೆ ಬಂದವರಿಗೆ ಗೊತ್ತಾಗುವುದಿಲ್ಲ. ಆದರೆ ಮದುಮಗಳ ಕತ್ತಿನ ಹತ್ತಿರ ಬಾಡಿದ ಮಲ್ಲಿಗೆ ಇದ್ದರೆ ಪ್ರತಿ ಕ್ಲೋಸಪ್ಪಿನಲ್ಲೂ ಕಾಣುತ್ತದೆ, ಪಾಪ ಅವಳ ಮೂಗಿಗೂ ಇಡೀ ದಿನ ಅದೇ ವಾಸನೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಹೂವಿನ ಆಸೆ ಆಮೇಲೆ, ತಿಂಗಳು ಮೊದಲು. ಮಲ್ಲಿಗೆ ಬೇಸಿಗೆ ಹೂವು. ಮಾರ್ಚ್‌ನಿಂದ ಜೂನ್ ತನಕ ಧಾರಾಳವಾಗಿ ಸಿಗುತ್ತದೆ, ವೈಶಾಖದ ಮದುವೆಗೆ ಎಷ್ಟು ಬೇಕಾದರೂ ಮುಡಿಸಿ. ಚಳಿಗಾಲದಲ್ಲಿ ಗಿಡ ಮೊಗ್ಗು ಬಿಡುವುದೇ ಕಡಿಮೆ, ಆದ್ದರಿಂದ ಕಾರ್ತಿಕ, ಮಾಘದ ಮದುವೆಯಲ್ಲಿ ಮಲ್ಲಿಗೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆಗ ಕೈ ಹಿಡಿಯುವುದು ಕಾಕಡ. ಮಲ್ಲಿಗೆಯಷ್ಟು ಪರಿಮಳ ಇಲ್ಲ, ನಿಜ, ಆದರೆ ಕಟ್ಟಿದ ಮೇಲೆ ನೋಡೋಕೆ ಚೆನ್ನಾಗಿರುತ್ತದೆ. ಮಧ್ಯೆ ಮಧ್ಯೆ ಮರುಗವೋ ದವನವೋ ಸೇರಿಸಿ ಕಟ್ಟಿಸಿದರೆ ಘಮದ ಕೊರತೆಯೂ ತುಂಬುತ್ತದೆ.

ಸೇವಂತಿಗೆ ಹಗಲು ಚಿಕ್ಕದಾಗುವ ಕಾಲದಲ್ಲಿ ಮೈತುಂಬ ಬಿಡುವ ಗಿಡ. ದಸರಾದಿಂದ ಸಂಕ್ರಾಂತಿ ತನಕ ಅದರದ್ದೇ ರಾಜ್ಯ, ಆಗಿನ ಮದುವೆಗಳಿಗೆ ಮಂಟಪಕ್ಕೆ ಅದನ್ನೇ ಬಳಸಿ. ಡಚ್ ಗುಲಾಬಿ ಪಾಲಿಹೌಸಿನಲ್ಲಿ ಬೆಳೆಯುವುದರಿಂದ ವರ್ಷಪೂರ್ತಿ ಸಿಗುತ್ತದೆ. ಒಂದೇ ತೊಂದರೆ ಅಂದರೆ ಫೆಬ್ರವರಿ 14ರ ಹಿಂದಿನ ಒಂದೆರಡು ವಾರ. ಬೆಂಗಳೂರು, ಹೊಸೂರು ಕಡೆಯ ಒಳ್ಳೆ ಕೆಂಪು ಗುಲಾಬಿ ಎಲ್ಲ ಪ್ರೇಮಿಗಳ ದಿನಕ್ಕೆ ಹೊರಗೆ ಹೋಗುತ್ತದೆ, ಇಲ್ಲಿ ಬೆಲೆ ಏರುತ್ತದೆ. ನಿಮ್ಮ ಮದುವೆ ಆ ವಾರದಲ್ಲಿದ್ದರೆ ಕೆಂಪು ಬಣ್ಣದ ಹಟ ಬಿಡಿ.

ಆಷಾಢ, ಧನುರ್ಮಾಸದಲ್ಲಿ ಹೇಗೂ ಮದುವೆ ಕಡಿಮೆ. ಆದರೆ ಶ್ರಾವಣದಲ್ಲಿ ದಿನ ಇಟ್ಟುಕೊಂಡವರು ವರಮಹಾಲಕ್ಷ್ಮಿ ಹಬ್ಬದ ಹಿಂದೆ ಮುಂದೆ ನೋಡಿಕೊಳ್ಳಿ. ಆ ಎರಡು ಮೂರು ದಿನ ಮಾರ್ಕೆಟ್ಟಿನಲ್ಲಿ ಯಾವ ಹೂವಿನ ಬೆಲೆಗೂ ಲಂಗುಲಗಾಮು ಇರುವುದಿಲ್ಲ. ಹಬ್ಬ ಇಲ್ಲದಿದ್ದರೂ ಒಳ್ಳೆ ಮುಹೂರ್ತ ಇರುವ ದಿನ ಊರಿನ ಎಲ್ಲ ಛತ್ರದಲ್ಲೂ ಮದುವೆ ಇರುತ್ತದೆ, ಎಲ್ಲರಿಗೂ ಅದೇ ಮಲ್ಲಿಗೆ ಬೇಕು. ಹಾಗಾಗಿ ಹಾರ, ಜಡೆ ಕಟ್ಟುವವರಿಗೆ ಒಂದು ತಿಂಗಳು ಮುಂಚೆಯೇ ಅಡ್ವಾನ್ಸ್ ಕೊಟ್ಟು, ರೇಟು ಮಾತಾಡಿ, ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಮಲ್ಲಿಗೆಯಲ್ಲೂ ಜಾತಿ ಇದೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಮೂರಕ್ಕೂ ಜಿಐ ಟ್ಯಾಗ್, ಅಂದರೆ ಇದು ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಉಡುಪಿ ಮಲ್ಲಿಗೆ ಅಂದರೆ ಶಂಕರಪುರದ ಸುತ್ತಮುತ್ತ ಬೆಳೆಯುವುದು. ಅಲ್ಲಿ ಮೊಳದ ಲೆಕ್ಕ ಇಲ್ಲ, ಚೆಂಡು ಮತ್ತು ಅಟ್ಟೆ ಲೆಕ್ಕ. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ದಿನದಿನಕ್ಕೂ ಬದಲಾಗುತ್ತದೆ, ಆದ್ದರಿಂದ ಕರಾವಳಿ ಕಡೆ ಮದುವೆ ಇದ್ದರೆ "ಒಂದು ಅಟ್ಟೆಗೆ ಇವತ್ತು ಎಷ್ಟು" ಅಂತ ಕೇಳಿ ಅಭ್ಯಾಸ ಮಾಡಿಕೊಳ್ಳಿ, ಅಂದಾಜು ಸಿಗುತ್ತದೆ. ಕನಕಾಂಬರವನ್ನು ಅಲ್ಲಿ ಅಬ್ಬಲಿಗೆ ಅನ್ನುತ್ತಾರೆ. ಅದಕ್ಕೆ ಪರಿಮಳ ಇಲ್ಲ, ತೂಕವೂ ಇಲ್ಲ, ಒಂದು ಕೆಜಿಗೆ ರಾಶಿ ಹೂವು ಬೇಕು. ಅದಕ್ಕೇ ಕೆಜಿ ಬೆಲೆ ಕೇಳಿ ಹೆದರಬೇಡಿ, ಮೊಳದ ಬೆಲೆ ಕೇಳಿ.

ಮುಹೂರ್ತ ಎಷ್ಟು ಗಂಟೆಗೆ?

ಇದನ್ನು ಹೂವಿನವರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಯಾಕೆಂದರೆ ಮಲ್ಲಿಗೆಯನ್ನು ಬೆಳಗಿನ ಜಾವ ಮೊಗ್ಗಿರುವಾಗ ಬಿಡಿಸುತ್ತಾರೆ, ಅದು ಅದೇ ದಿನ ಸಂಜೆ ಅರಳುತ್ತದೆ, ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಂಚು ಕಂದಾಗುತ್ತದೆ. ಸಂಜೆ ಏಳಕ್ಕೆ ಆರತಕ್ಷತೆ ಇದ್ದರೆ ಏನೂ ಯೋಚನೆ ಇಲ್ಲ. ಅವತ್ತಿನ ಮೊಗ್ಗನ್ನೇ ಕಟ್ಟಿಸಿ ಮುಡಿಸಿದರೆ ತಲೆಯಲ್ಲೇ ಅರಳಿ ಹಾಲ್ ತುಂಬಾ ಘಮ್ ಅನ್ನುತ್ತದೆ. ಬೆಳಿಗ್ಗೆ ಆರು, ಏಳಕ್ಕೆ ಧಾರೆ ಇದ್ದರೆ ಮಾತ್ರ ಕಷ್ಟ. ಅವತ್ತು ಬಿಡಿಸಿದ ಮೊಗ್ಗು ಅಷ್ಟು ಹೊತ್ತಿಗೆ ಕಟ್ಟಿ ಬರುವುದಿಲ್ಲ, ಹಿಂದಿನ ದಿನದ ಮೊಗ್ಗೇ ಗತಿ, ಮತ್ತು ಅದು ರಾತ್ರಿಯೇ ಅರಳಿಬಿಡದ ಹಾಗೆ ತಣ್ಣಗೆ ಇಡಬೇಕು.

ತಣ್ಣಗೆ ಅಂದರೆ ನೀರು ಚಿಮುಕಿಸುವುದಲ್ಲ. ನೀರು ನಿಂತ ಮಲ್ಲಿಗೆ ಬೇಗ ಕಪ್ಪಾಗುತ್ತದೆ. ಬಾಳೆ ಎಲೆಯಲ್ಲೋ, ಹಿಂಡಿ ತೆಗೆದ ಹತ್ತಿ ಬಟ್ಟೆಯಲ್ಲೋ ಸುತ್ತಿ, ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಫ್ರೀಜರ್ ಬೇಡವೇ ಬೇಡ. ಐಸ್ ಪೆಟ್ಟಿಗೆಯಲ್ಲಿ ಇಡುವುದಾದರೆ ಐಸ್ ಮೇಲೆ ದಪ್ಪ ಪೇಪರ್ ಹಾಸಿ, ನೇರ ತಾಗಿದ ಕಡೆ ಹೂವು ಬೆಂದ ಹಾಗೆ ಆಗುತ್ತದೆ. ಕೊಳ್ಳುವಾಗ ಮೊಗ್ಗಿನ ತುದಿ ಬಿಳಿ, ತೊಟ್ಟು ಹಸಿರು ಇರಬೇಕು. ತೊಟ್ಟು ಹಳದಿಗೆ ತಿರುಗಿದ್ದರೆ ಅದು ನಿನ್ನೆಯದ್ದು, "ಈಗ್ತಾನೇ ಬಂತು ಅಕ್ಕ" ಅಂತ ಅವರು ಎಷ್ಟು ಹೇಳಿದರೂ.

ಮೊಗ್ಗಿನ ಜಡೆ

ಜಡೆ ಹೇಳುವವರು ಸಾಮಾನ್ಯವಾಗಿ ಡಿಸೈನ್ ನೋಡುತ್ತಾರೆ, ಅಳತೆ ಕೊಡುವುದಿಲ್ಲ. ಅಳತೆ ಮುಖ್ಯ. ಹುಡುಗಿಯನ್ನು ನಿಲ್ಲಿಸಿ ಅಲ್ಲ, ಕೆಳಗೆ ಮಣೆ ಮೇಲೆ ಕೂರಿಸಿ ಕತ್ತಿನ ಹಿಂದಿನಿಂದ ಟೇಪ್ ಬಿಡಿ. ಹಸೆಮಣೆಯಲ್ಲಿ ಗಂಟೆಗಟ್ಟಲೆ ಕೂರಬೇಕು, ಜಡೆಯ ತುದಿ ನೆಲಕ್ಕೆ ತಾಗಿದರೆ ಪ್ರತಿ ಸಲ ಏಳುವಾಗ ಕಾಲಿಗೋ ಸೀರೆಗೋ ಸಿಕ್ಕಿ ಎಳೆಯುತ್ತದೆ, ಮೊಗ್ಗು ಉದುರುತ್ತದೆ, ಕುಚ್ಚು ಹಿಸುಕುತ್ತದೆ. ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ನಿಂತರೆ ಸಾಕು.

ಎರಡನೆಯದು ತೂಕ. ಮೊಗ್ಗನ್ನು ರಟ್ಟು ಅಥವಾ ಬಟ್ಟೆ ಪಟ್ಟಿಯ ಮೇಲೆ ಸಾಲಾಗಿ ಹೊಲಿದು, ಮಧ್ಯೆ ಕನಕಾಂಬರ, ಬಟನ್ ರೋಸ್, ಜರಿ ಎಲ್ಲ ಸೇರಿಸಿದರೆ ಅದು ಒಳ್ಳೆ ಭಾರ ಆಗುತ್ತದೆ. ಅಷ್ಟೂ ನೇತಾಡುವುದು ಕೂದಲಿಗೆ. ಒಂದೇ ಕಡೆ ಪಿನ್ ಹಾಕಿ ಬಿಟ್ಟರೆ ಮಧ್ಯಾಹ್ನಕ್ಕೆ ತಲೆನೋವು ಗ್ಯಾರಂಟಿ. ಪಟ್ಟಿಯ ಹಿಂದೆ ನಾಲ್ಕೈದು ಕಡೆ ದಾರ ಬಿಟ್ಟು ಹೊಲಿಯೋಕೆ ಹೇಳಿ, ಅದನ್ನು ಕೆಳಗಿನ ನಿಜವಾದ ಜಡೆಗೆ ಅಲ್ಲಲ್ಲಿ ಕಟ್ಟಿದರೆ ಭಾರ ಹಂಚಿಹೋಗುತ್ತದೆ. ಕೂದಲು ಗಿಡ್ಡ ಇದ್ದರೆ ಚೌರಿ ಸೇರಿಸಿ ಹೆಣೆದು ಅದರ ಮೇಲೆ ಕಟ್ಟಿ. ಕೂದಲು ತೆಳುವಾಗಿದ್ದರೆ ಜಡೆಯ ಆಸೆಯನ್ನೇ ಬಿಟ್ಟು ತುರುಬಿಗೆ ದಪ್ಪನೆ ದಂಡೆ ಹಾಕಿಸಿ, ಇನ್ನೂ ಚೆನ್ನಾಗಿ ಕಾಣುತ್ತದೆ. ಬ್ಯೂಟಿ ಪಾರ್ಲರಿನವರಿಗೂ ಜಡೆ ಕಟ್ಟುವವರಿಗೂ ಒಮ್ಮೆ ಫೋನಿನಲ್ಲಿ ಮಾತಾಡಿಸಿಬಿಡಿ. ಅವರು ಕೂದಲನ್ನು ಬಿಟ್ಟು ಸುರುಳಿ ಮಾಡಿ ಕೂರಿಸಿ, ಇವರು ಜಡೆ ಹಿಡಿದುಕೊಂಡು ಬಂದು ನಿಂತರೆ ಮುಹೂರ್ತದ ಹೊತ್ತಿಗೆ ರಾಮಾಯಣ.

ಬಾಸಿಂಗ, ದಂಡೆ, ಕೈಗೆ ಸುತ್ತುವ ಹೂವು, ಇವೆಲ್ಲ ಮನೆಮನೆಗೆ ಬೇರೆ. ಎರಡೂ ಕಡೆಯ ಹಿರಿಯರನ್ನು ಕೂರಿಸಿ ಒಂದೇ ಸಲ ಕೇಳಿ ಬರೆದುಕೊಳ್ಳಿ.

ಹಾರ

ಹಾರದಲ್ಲಿ ಮೂರು ವಿಷಯ ನೋಡಿ: ಪೇಟದ ಮೇಲಿಂದ ಇಳಿಯುತ್ತದಾ, ಒಂದು ಗಂಟೆ ಹೊರೋಕೆ ಆಗುತ್ತದಾ, ಬಟ್ಟೆಗೆ ಬಣ್ಣ ಹತ್ತುತ್ತದಾ.

ಪೇಟದ ಮಾತು ಯಾರೂ ಯೋಚಿಸುವುದಿಲ್ಲ. ಹುಡುಗ ಮೈಸೂರು ಪೇಟ ಹಾಕಿ ನಿಂತಿರುತ್ತಾನೆ, ಹುಡುಗಿಯ ತಲೆ ಮೇಲೆ ದಂಡೆ, ಬೈತಲೆಬೊಟ್ಟು, ಹಿಂದೆ ಜಡೆ. ಮೇಲೆ ಮುಚ್ಚಿ ಕಟ್ಟಿದ ಚಿಕ್ಕ ಹಾರ ಇಳಿಯುವಾಗ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಕತ್ತಿನ ಹಿಂದೆ ಬರುವ ಭಾಗವನ್ನು ಹೂವಿಲ್ಲದೆ ಬರೀ ರಿಬ್ಬನ್ ಅಥವಾ ದಪ್ಪ ಹುರಿ ಬಿಟ್ಟು ಅಗಲವಾಗಿ ಕಟ್ಟಿಸಿ. ಕತ್ತಿಗೂ ಚುಚ್ಚುವುದಿಲ್ಲ.

ಗುಲಾಬಿ ಪಕಳೆಯನ್ನು ಮಡಚಿ ಮಡಚಿ ಪೋಣಿಸಿದ ದಪ್ಪ ಹಾರ ಫೋಟೋದಲ್ಲಿ ರಾಜಗಾಂಭೀರ್ಯ, ಕತ್ತಿನಲ್ಲಿ ಹಗ್ಗ. ಅಂಗಡಿಯಲ್ಲಿ ಸ್ಯಾಂಪಲ್ ಇದ್ದರೆ ಹಾಕಿಕೊಂಡೇ ನೋಡಿ, ನಾಚಿಕೆ ಬೇಡ. ಕೆಂಪು ಪಕಳೆ ಹಿಸುಕಿದರೆ ಬಿಳಿ ಪಂಚೆ, ಶಲ್ಯಕ್ಕೆ ಕಲೆ ಆಗುತ್ತದೆ. ಧಾರೆಗೆ ಸುಗಂಧರಾಜವೇ ವಾಸಿ. ಒಂಟಿ ಪಕಳೆಯ ಸುಗಂಧರಾಜ ಹಾರಕ್ಕೆ, ಸುತ್ತು ಪಕಳೆಯ ಡಬಲ್ ಕಡ್ಡಿ ಹೂದಾನಿಗೆ, ಬೊಕೆಗೆ. ನೀಲಿ, ಕಡುಹಸಿರು ಅಂತ ಬಣ್ಣದಲ್ಲಿ ಅದ್ದಿ ತೆಗೆದ ಹೂವು ಹಾರದಲ್ಲಿ ಬೇಡ, ಬೆವರು ತಾಗಿದರೆ ಬಣ್ಣ ಬಿಡುತ್ತದೆ, ಕೆಳಗೆ ಇರುವುದು ರೇಷ್ಮೆ ಸೀರೆ. ಹಾರ ತರುವಾಗ ತಾಜಾ ಕಾಣಲಿ ಅಂತ ನೀರು ಹೊಡೆದಿರುತ್ತಾರೆ. ಅರ್ಧ ಗಂಟೆ ಮುಂಚೆ ತೆಗೆದು ಬಾಳೆ ಎಲೆ ಮೇಲೆ ಹರಡಿ ನೀರು ಇಳಿಸಿ, ಆಮೇಲೆ ಸ್ಟೇಜಿಗೆ ಕೊಡಿ.

ಬೆಳಿಗ್ಗೆಯ ಹಾರವನ್ನೇ ಸಂಜೆಗೂ ಹಾಕಿಸುವ ಉಳಿತಾಯ ಮಾಡಬೇಡಿ, ಬೇಕಾದರೆ ಎರಡನ್ನೂ ಸಣ್ಣದಾಗಿ ಕಟ್ಟಿಸಿ. ಬಾಡದ ಹಾರ ಬೇಕು ಅಂದರೆ ಹಾವೇರಿಯ ಏಲಕ್ಕಿ ಹಾರ ಇದೆ. ಹಿರಿಯರಿಗೆ, ಬೀಗರಿಗೆ ಹಾಕುವುದಕ್ಕೆ ಅದರಷ್ಟು ಗೌರವದ್ದು ಇನ್ನೊಂದಿಲ್ಲ, ಮನೆಗೆ ತಗೊಂಡು ಹೋಗಿ ಇಟ್ಟುಕೊಳ್ಳಬಹುದು.

ಬೊಕೆ

ಮದುಮಗಳು ಬೊಕೆ ಹಿಡಿಯುವುದು ನಮ್ಮಲ್ಲಿ ಮಂಗಳೂರು, ಬೆಂಗಳೂರಿನ ಚರ್ಚ್ ಮದುವೆಗಳಲ್ಲಿ ಹಿಂದಿನಿಂದಲೂ ಇದೆ. ಈಗ ಆರತಕ್ಷತೆಗೆ ಲೆಹಂಗಾ, ಗೌನ್ ಹಾಕುವವರೂ ಹಿಡಿಯುತ್ತಾರೆ. ಡ್ರೆಸ್ಸಿನ ಮುಂಭಾಗದಲ್ಲಿ ಕೆಲಸ ಜಾಸ್ತಿ ಇದ್ದರೆ ಸಣ್ಣ ಗುಂಡು ಬೊಕೆ, ಸಾದಾ ಬಿಳಿ ಗೌನಿಗೆ ಕೆಳಗೆ ಇಳಿಬಿದ್ದ ಉದ್ದ ಬೊಕೆ. ಹಿಡಿಯಬೇಕಾದ ಎತ್ತರ ಹೊಕ್ಕುಳ ಹತ್ತಿರ. ಗಾಬರಿಯಲ್ಲಿ ಎಲ್ಲರೂ ಎದೆ ತನಕ ಎತ್ತುತ್ತಾರೆ, ಫೋಟೋದಲ್ಲಿ ಸರವೂ ಕಾಣುವುದಿಲ್ಲ, ಕತ್ತೂ ಕಾಣುವುದಿಲ್ಲ.

ಗುಲಾಬಿ, ಕಾರ್ನೇಷನ್, ಆರ್ಕಿಡ್ ತಡೆಯುವ ಹೂವುಗಳು. ಜರ್ಬೆರಾ ಬೇಗ ಕತ್ತು ಬಗ್ಗಿಸುತ್ತದೆ, ಕಡ್ಡಿಗೆ ತಂತಿ ಸುತ್ತದಿದ್ದರೆ ಬೇಡ. ಲಿಲ್ಲಿ ಹಾಕಿಸಿದರೆ ಒಳಗಿನ ಕಂದು ಕೇಸರಗಳನ್ನು ಮೊದಲೇ ಕಿತ್ತು ತೆಗೆಸಿ. ಆ ಪುಡಿ ಬಿಳಿ ಬಟ್ಟೆಗೆ ಹತ್ತಿದರೆ ಉಜ್ಜಿದಷ್ಟೂ ಹರಡುತ್ತದೆ. ಗುಲಾಬಿ ಕೊಳ್ಳುವಾಗ ತೊಟ್ಟಿನ ಮೇಲೆ, ಪಕಳೆ ಶುರುವಾಗುವ ಕಡೆ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ಹೊಸದು, ಮೆತ್ತಗಿದ್ದರೆ ಬಿಡಿ. ಸಾಮಾನ್ಯವಾಗಿ ಡಚ್ ಗುಲಾಬಿ 20ರ ಕಟ್ಟು, ಜರ್ಬೆರಾ 10ರ ಕಟ್ಟು. ಸಾಧಾರಣ ಗುಂಡು ಬೊಕೆಗೆ ಒಂದು ಕಟ್ಟು ಗುಲಾಬಿ, ಸುತ್ತ ಸ್ವಲ್ಪ ಜಿಪ್ಸೋಫಿಲಾ (ಪುಟ್ಟ ಪುಟ್ಟ ಬಿಳಿ ಹೂವು) ಸಾಕು.

ಮನೆಯಲ್ಲೇ ಕಟ್ಟುವುದಾದರೆ ಕಡ್ಡಿಯ ತುದಿ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಬಕೆಟ್ಟಿನಲ್ಲಿ ಎರಡು ಮೂರು ಗಂಟೆ ನೀರು ಕುಡಿಯೋಕೆ ಬಿಡಿ. ಆಮೇಲೆ ಕಟ್ಟಿ. ಕೊನೆ ಗಳಿಗೆ ತನಕ ಬೊಕೆ ಒಂದು ಲೋಟ ನೀರಿನಲ್ಲಿ ನಿಂತಿರಲಿ, ಕೈಗೆ ಕೊಡುವಾಗ ಒರೆಸಿ ರಿಬ್ಬನ್ ಸುತ್ತಿ. ನನ್ನ ಆಯ್ಕೆ ಕೇಳಿದರೆ ಡಬಲ್ ಸುಗಂಧರಾಜ, ತಿಳಿಗುಲಾಬಿ ಬಣ್ಣದ ಗುಲಾಬಿ, ಅಂಚಿಗೆ ಮರುಗ. ಕ್ಯಾಟಲಾಗಿನಲ್ಲಿ ಇದು ಸಿಗುವುದಿಲ್ಲ, ಕೇಳಿ ಮಾಡಿಸಬೇಕು.

ಬಂದವರಿಗೆ ಕೊಡುವ ಹೂವು

ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಜೊತೆ ಒಂದು ತುಂಡು ಮಲ್ಲಿಗೆ ಕೊಡುತ್ತೇವಲ್ಲ, ಅದರ ಲೆಕ್ಕ ಸುಲಭ. ಒಬ್ಬರಿಗೆ ಒಂದು ಗೇಣು, ಒಂದು ಮೊಳಕ್ಕೆ ಇಬ್ಬರು. ಇನ್ನೂರು ಹೆಂಗಸರು ಬರುತ್ತಾರೆ ಅಂದರೆ ನೂರು ಮೊಳ. ಮೊಳ ಅಂದರೆ ಮಾರುವವರ ಕೈ ಅಳತೆ ಅನ್ನುವುದು ನೆನಪಿರಲಿ, ಅಷ್ಟು ದೊಡ್ಡ ಆರ್ಡರ್ ಇದ್ದಾಗ ಒಂದು ಮೊಳ ಕತ್ತರಿಸಿ ತೋರಿಸಿ ಅಂತ ಕೇಳಿ. ಹಾಗೇ ಎಷ್ಟು ಒತ್ತಾಗಿ ಕಟ್ಟಿದ್ದಾರೆ ನೋಡಿ: ಹೂವಿನ ಮಧ್ಯೆ ದಾರ ಎದ್ದು ಕಂಡರೆ ನೀವು ದುಡ್ಡು ಕೊಟ್ಟಿದ್ದು ದಾರಕ್ಕೆ. ತಟ್ಟೆಗೆ ಹಾಕುವ ಮುಂಚೆಯೇ ತುಂಡು ಮಾಡಿಟ್ಟುಕೊಳ್ಳಿ, ಬಾಗಿಲಲ್ಲಿ ಕತ್ತರಿ ಹುಡುಕುವ ಕೆಲಸ ಬೇಡ.

ಮಂಟಪ, ಸ್ಟೇಜು

ಇಲ್ಲಿ ದುಡ್ಡು ಉಳಿಸಿ. ಬಾಳೆಕಂಬ, ಮಾವಿನ ತೋರಣ, ತೆಂಗಿನ ಗರಿ, ಚೆಂಡುಹೂವಿನ ಸರ ಇಷ್ಟಿದ್ದರೆ ಮಂಟಪಕ್ಕೆ ಕಳೆ ಬಂದುಬಿಡುತ್ತದೆ, ಚೆಂಡುಹೂವು ಫ್ಯಾನಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಮಲೆನಾಡು, ಕರಾವಳಿ ಕಡೆಯವರಿಗೆ ಹಿಂಗಾರ, ಅಂದರೆ ಅಡಿಕೆ ಮರದ ಹೂಗೊಂಚಲು, ಇದೆ. ಅದನ್ನು ಹಾಳೆಯೊಳಗೆ ಮುಚ್ಚಿದ ಹಾಗೇ ತರಿಸಿ, ಬೆಳಿಗ್ಗೆ ಕಟ್ಟುವಾಗ ಮಾತ್ರ ಸೀಳಿ. ಹಾಳೆ ಬಿಚ್ಚಿದ ತಕ್ಷಣ ಕೆನೆಬಣ್ಣದ ಎಳೆಗಳು ಹೊರಗೆ ಬೀಳುತ್ತವೆ, ಹಿಂದಿನ ರಾತ್ರಿಯೇ ತೆರೆದಿಟ್ಟರೆ ಆ ಬಣ್ಣ ಬೆಳಿಗ್ಗೆಗೆ ಮಂಕಾಗಿರುತ್ತದೆ.

ಡೆಕೊರೇಟರ್ ಹತ್ತಿರ "ಎಲ್ಲ ನ್ಯಾಚುರಲ್ಲಾ?" ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ. ಯಾವ ಹೂವು, ಎಷ್ಟು ಕೆಜಿ, ಎಲ್ಲಿಗೆ ಅಂತ ಬರೆಸಿಕೊಳ್ಳಿ. ಮುಂದೆ ನಿಜವಾದ ಹೂವು, ಹಿಂದೆ ಪ್ಲಾಸ್ಟಿಕ್ ಅಂತ ಬೆರೆಸುವುದು ತಪ್ಪೇನಲ್ಲ, ದುಡ್ಡು ಮಾತ್ರ ಎಲ್ಲ ನಿಜದ್ದು ಅಂತ ತಗೊಳ್ಳಬಾರದು, ಅಲ್ವಾ? ಬೆಳಗಿನ ಮುಹೂರ್ತಕ್ಕೆ ರಾತ್ರಿಯೇ ಕಟ್ಟುತ್ತಾರೆ, ಹಾಗಾಗಿ ಸೇವಂತಿಗೆ, ಚೆಂಡುಹೂವು ಮೊದಲು, ಗುಲಾಬಿ ಕೊನೆಗೆ ಅಂತ ಹೇಳಿಡಿ. ಸೇವಂತಿಗೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಪಕಳೆ ಉದುರಿದರೆ ಹಳೆಯದು. ಹೋಮಕುಂಡದ ಹತ್ತಿರ ಪ್ಲಾಸ್ಟಿಕ್ ಹೂವು, ನೆಟ್ ಬಟ್ಟೆ ಯಾವುದೂ ಬರಬಾರದು. ಇದರಲ್ಲಿ ರಾಜಿ ಬೇಡ, ಕಿಡಿ ಎಲ್ಲಿಗೆ ಹಾರುತ್ತದೆ ಅಂತ ಹೇಳೋಕಾಗಲ್ಲ.

ಊಟದ ಟೇಬಲ್

ಬಾಳೆ ಎಲೆ ಪಂಕ್ತಿ ಊಟಕ್ಕೆ ಟೇಬಲ್ ಮೇಲೆ ಹೂವೇ ಬೇಡ. ಎಲೆ, ಲೋಟ ಇಟ್ಟ ಮೇಲೆ ಜಾಗ ಎಲ್ಲಿದೆ? ಬಡಿಸುವವರ ಕೈಗೆ ಅಡ್ಡ. ಅದರ ಬದಲು ಊಟದ ಹಾಲ್ ಬಾಗಿಲಲ್ಲಿ ಒಂದು ಹಿತ್ತಾಳೆ ಕೊಪ್ಪರಿಗೆಯಲ್ಲಿ ನೀರು ತುಂಬಿ ಚೆಂಡುಹೂವು, ಗುಲಾಬಿ ಪಕಳೆ ತೇಲಿಬಿಡಿ.

ಬಫೆ ಇದ್ದು ಎಂಟು ಹತ್ತು ಜನ ಕೂರುವ ದುಂಡು ಟೇಬಲ್ ಹಾಕಿದ್ದರೆ ಮಧ್ಯೆ ಹೂವು ಚೆನ್ನ. ಎದುರು ಕೂತವರ ಮುಖ ಕಾಣುವಷ್ಟು ಗಿಡ್ಡ ಇರಲಿ, ಒಂದು ಗೇಣಿಗಿಂತ ಎತ್ತರ ಬೇಡ. ಪರಿಮಳದ ಹೂವು ಇಲ್ಲಿ ಬೇಡ. ಸುಗಂಧರಾಜ, ಲಿಲ್ಲಿಯ ವಾಸನೆ ಮಧ್ಯೆ ಸಾರಿನ ಒಗ್ಗರಣೆ ಯಾರಿಗೂ ರುಚಿಸುವುದಿಲ್ಲ. ಪಕಳೆ ಉದುರುವುದೂ ಬೇಡ. ಬಟನ್ ಸೇವಂತಿಗೆ, ಕಾರ್ನೇಷನ್, ಆಂಥೂರಿಯಂ ಸರಿ. ಕಣಗಿಲೆ ಮಾತ್ರ ಊಟದ ಹತ್ತಿರ ಎಲ್ಲೂ ಇಡಬೇಡಿ. ಹಾರದಲ್ಲಿ ಧಾರಾಳವಾಗಿ ಬಳಸುತ್ತಾರೆ, ಆದರೆ ಅದರ ಎಲೆ, ಹೂವು, ಕಡ್ಡಿ ಎಲ್ಲ ವಿಷ, ಮಕ್ಕಳು ಓಡಾಡುವ ಜಾಗ ಬೇರೆ.

ಹೂವು ಚುಚ್ಚುವ ಹಸಿರು ಸ್ಪಂಜನ್ನು ನೀರಿನ ಮೇಲೆ ಸುಮ್ನೆ ಬಿಡಿ, ತಾನಾಗಿಯೇ ಮುಳುಗಲಿ. ಕೈಯಿಂದ ಒತ್ತಿ ಮುಳುಗಿಸಿದರೆ ಒಳಗೆ ಗಾಳಿ ಉಳಿದು ಮಧ್ಯದ ಹೂವಿಗೆ ನೀರೇ ಸಿಗುವುದಿಲ್ಲ. ಅದು ಮಣ್ಣಿನಲ್ಲಿ ಕರಗುವ ವಸ್ತುವೂ ಅಲ್ಲ, ನಾನಾದರೆ ಸಣ್ಣ ಲೋಟಗಳಲ್ಲಿ ನೀರಿಟ್ಟು ಮುಗಿಸುತ್ತೇನೆ.

ತರುವುದು, ಇಡುವುದು

ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್, ಮೈಸೂರಿನಲ್ಲಿ ದೇವರಾಜ ಮಾರ್ಕೆಟ್. ನಾಲ್ಕು ಗಂಟೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ ಒಳ್ಳೆಯದನ್ನು ಆರಿಸಬಹುದು, ಹತ್ತು ಗಂಟೆ ಮೇಲೆ ಹೋದರೆ ಚೌಕಾಸಿ ಮಾಡಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಜಡೆ, ಹಾರದ ಹೂವಿಗೆ ಬೇಗ ಹೋಗಿ, ತೇಲಿಬಿಡುವ ಪಕಳೆಗೆ ತಡವಾಗಿ ಹೋದರೂ ನಡೆಯುತ್ತದೆ. ಹೊರದೇಶದಲ್ಲಿ ಮದುವೆ ಇರುವವರು ಸೂಟ್‌ಕೇಸಿನಲ್ಲಿ ಮಲ್ಲಿಗೆ ಒಯ್ಯುವ ಯೋಚನೆ ಮಾಡುವ ಮುಂಚೆ ಆ ದೇಶದ ನಿಯಮ ನೋಡಿ. ಹಸಿ ಹೂವು, ಎಲೆಯನ್ನು ವಿಮಾನ ನಿಲ್ದಾಣದಲ್ಲೇ ತಡೆಯುವ ದೇಶಗಳಿವೆ. ಅಲ್ಲಿನ ಇಂಡಿಯನ್ ಅಂಗಡಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಇನ್ನು ಛತ್ರದ ಫ್ರಿಜ್ ನಂಬಬೇಡಿ. ಅದರ ತುಂಬಾ ಅಡುಗೆಯವರ ಹಾಲು, ಮೊಸರು ಇರುತ್ತದೆ, ಮೊಗ್ಗಿನ ಜಡೆಯನ್ನು ಮಡಚಿ ಮೂಲೆಗೆ ತುರುಕುತ್ತಾರೆ. ತಾಂಬೂಲದ ರೂಮಿನಲ್ಲೂ ಇಡಬೇಡಿ, ಅಲ್ಲಿ ಬಾಳೆಗೊನೆ ಇರುತ್ತದೆ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್, ಆರ್ಕಿಡ್, ಗುಲಾಬಿ ಬೇಗ ಬಾಡುತ್ತವೆ. ಒಂದು ದೊಡ್ಡ ಐಸ್ ಪೆಟ್ಟಿಗೆ ಬಾಡಿಗೆಗೆ ತಂದು ಮದುಮಗಳ ರೂಮಿನಲ್ಲೇ ಇಡಿ. ಅದರ ಜವಾಬ್ದಾರಿ ಒಬ್ಬರಿಗೆ ಕೊಡಿ: ಚಿಕ್ಕಮ್ಮನೋ, ಅತ್ತಿಗೆಯೋ, ಸೋದರಮಾವನ ಮಗನೋ, ಬೆಳಿಗ್ಗೆ ನಾಲ್ಕಕ್ಕೆ ಫೋನ್ ಎತ್ತುವ ಯಾರಾದರೂ ಸರಿ. ಹೂವಿನವರಿಗೆ ಅವರ ನಂಬರ್ ಕೊಡಿ, ಮದುಮಗಳ ಅಪ್ಪನದ್ದು ಬೇಡ. ಅವರು ಆ ಹೊತ್ತಿಗೆ ಪುರೋಹಿತರ ಹಿಂದೆ ಓಡಾಡುತ್ತಿರುತ್ತಾರೆ.